ಗುರುವಿಗೂ ಒಬ್ಬ ಗುರು ಬೇಕು
(ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬ – ಆಗಸ್ಟ್ 4)



ಆಗಸ್ಟ್ 4ರಂದು ಧರ್ಮಕೇಂದ್ರದ ಗುರುಗಳ ಪಾಲಕ ಸಂತರಾದ ಜಾನ್ ಮರಿಯ ವಿಯಾನ್ನಿಯವರ ಹಬ್ಬ. ಬಲಿಪೂಜೆ ಮುಗಿದ ಮೇಲೆ ನಾವು ಸ್ವಾಮಿಗಳಿಗೆ ಶಾಲು ಹೊದಿಸಿ, ಹಾರ ಹಾಕಿ, ಮಕ್ಕಳಿಂದ ಹಾಡು ಹೇಳಿಸಿ, ಸಿಹಿ ಹಂಚಿ ಮನೆಗೆ ಹೋಗುತ್ತೇವೆ. ಅದು ಮಾಡಬೇಕಾದದ್ದೇ. ಆದರೆ ನಾವೆಲ್ಲ ಹೋದ ಮೇಲೆ ಅವರು ಒಬ್ಬರೇ ಊಟಕ್ಕೆ ಕೂರುತ್ತಾರೆ ಎಂಬುದು ನಮ್ಮ ಮನಸ್ಸಿಗೆ ಬರುವುದು ಕಡಿಮೆ.

ಒಂದು ಸಣ್ಣ ಪ್ರಶ್ನೆ. ನಮ್ಮೆಲ್ಲರ ಪಾಪನಿವೇದನೆ ಕೇಳುವ ಸ್ವಾಮಿಗಳು ತಮ್ಮ ಪಾಪಗಳನ್ನು ಯಾರ ಬಳಿ ಹೇಳಿಕೊಳ್ಳುತ್ತಾರೆ? ಇನ್ನೊಬ್ಬ ಗುರುವಿನ ಬಳಿಯೇ. ತನ್ನ ಪಾಪಕ್ಕೆ ತಾನೇ ಕ್ಷಮೆ ಕೊಟ್ಟುಕೊಳ್ಳಲು ಗುರುವಿಗಾಗಲಿ, ಧರ್ಮಾಧ್ಯಕ್ಷರಿಗಾಗಲಿ, ವಿಶ್ವಗುರುಗಳಿಗಾಗಲಿ ಆಗದು. ಕಾಯಿಲೆ ಬಿದ್ದಾಗ ರೋಗಿಗಳ ಅಭ್ಯಂಗವನ್ನು ತನಗೆ ತಾನೇ ನೀಡಿಕೊಳ್ಳಲೂ ಆಗದು. ಎಲ್ಲರಿಗೂ ಹಂಚುವವನು ತನಗೆ ಬೇಕಾದಾಗ ಮತ್ತೊಬ್ಬರ ಮುಂದೆ ಮೊಣಕಾಲೂರಬೇಕು. ಗುರುಗಳಿಗೆ ಗುರುಗಳ ಸಹವಾಸ ಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ನಮ್ಮ ಕೋಲಾರ ಸೀಮೆಯನ್ನೇ ನೋಡೋಣ. ಬೆಂಗಳೂರು ಮಹಾಧರ್ಮಕ್ಷೇತ್ರದ ಈ ಮೂಡಣ ಭಾಗದಲ್ಲಿ ಕ್ರೈಸ್ತ ಕುಟುಂಬಗಳು ಅಲ್ಲಲ್ಲಿ ಚದುರಿ ನೆಲೆಸಿವೆ. ಮಾಲೂರಿನ ಇಟ್ಟಿಗೆ ಹೆಂಚಿನ ಕಡೆಗೆ ಒಂದಷ್ಟು, ಶ್ರೀನಿವಾಸಪುರದ ಮಾವಿನ ತೋಪುಗಳ ಕಡೆಗೆ ಒಂದಷ್ಟು, ಮುಳಬಾಗಿಲಿನ ಗಡಿಯತ್ತ ಒಂದಷ್ಟು. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಇನ್ನೊಂದರಲ್ಲಿ ತಮಿಳು. ಇಲ್ಲಿ ಸೇವೆ ಮಾಡುವ ಗುರು ಒಂದೇ ದಿನ ಹಲವು ಊರು ಸುತ್ತಬೇಕಾಗುತ್ತದೆ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಂಥ ಕಡೆ ವರ್ಷಗಟ್ಟಲೆ ಹತ್ತಾರು ಗೆಳೆಯರೊಡನೆ ಉಂಡು, ಓದಿ, ಪ್ರಾರ್ಥಿಸಿದ ಯುವಕ, ಗುರುದೀಕ್ಷೆಯಾಗಿ ಕೆಲವೇ ವರ್ಷಗಳಲ್ಲಿ ಹಳ್ಳಿಯ ಮನೆಯೊಂದರಲ್ಲಿ ಒಬ್ಬಂಟಿಯಾಗುತ್ತಾನೆ. ಜನರಿಲ್ಲವೆಂದಲ್ಲ, ಜನ ಬೇಕಾದಷ್ಟಿದ್ದಾರೆ. ಆದರೆ ತನ್ನ ಸೋಲನ್ನು, ದಣಿವನ್ನು, ಸಂಶಯವನ್ನು ಬಿಚ್ಚಿ ಹೇಳಬಲ್ಲ ಸರೀಕರು ಹತ್ತಿರವಿಲ್ಲ. ಹೀಗೆ ಒಳಗೇ ಉಳಿದ ನೋವು ಕೆಲವರಲ್ಲಿ ಸಿಡುಕಾಗುತ್ತದೆ, ಕೆಲವರಲ್ಲಿ ಕಾಯಿಲೆಯಾಗುತ್ತದೆ, ಕೆಲವರನ್ನು ಕುಡಿತದತ್ತ ಎಳೆಯುತ್ತದೆ. ಕೆಲವರು ಗುರುತ್ವವನ್ನೇ ಬಿಟ್ಟು ಹೋಗಲೂ ಇದು ಕಾರಣವಾದೀತು.

ಯೇಸುಸ್ವಾಮಿ ಇದನ್ನು ಬಲ್ಲವರಾಗಿದ್ದರು. ಅವರು ಪ್ರೇಷಿತರನ್ನು ಒಬ್ಬೊಬ್ಬರನ್ನಾಗಿ ಕಳುಹಿಸಲಿಲ್ಲ. ಇಬ್ಬಿಬ್ಬರನ್ನಾಗಿ ಕಳುಹಿಸಿದರು (ಮಾರ್ಕ 6:7). ಅಮಾಲೇಕ್ಯರೊಡನೆ ಯುದ್ಧವಾದಾಗ ಮೋಶೆಯ ಕೈಗಳು ಸೋತವು. ಆರೋನನೂ ಹೂರನೂ ಆಚೆ ಈಚೆ ನಿಂತು ಸಂಜೆಯವರೆಗೆ ಅವುಗಳನ್ನು ಎತ್ತಿಹಿಡಿದರು (ವಿಮೋಚನಾಕಾಂಡ 17:12). ಬಂದಿಯಾಗಿ ರೋಮಿಗೆ ಹೋಗುತ್ತಿದ್ದ ಪೌಲರು, ದಾರಿಯವರೆಗೆ ಎದುರುಗೊಳ್ಳಲು ಬಂದ ಸಹೋದರರನ್ನು ಕಂಡೊಡನೆ ದೇವರಿಗೆ ವಂದಿಸಿ ಧೈರ್ಯ ತಂದುಕೊಂಡರು (ಪ್ರೇಷಿತರ ಕಾರ್ಯಕಲಾಪಗಳು 28:15). ಅಷ್ಟು ದೊಡ್ಡ ಪೌಲರಿಗೇ ನಾಲ್ಕು ಜನರ ಮುಖ ಕಂಡು ಧೈರ್ಯ ಬಂತು!

ಧರ್ಮಸಭೆಯೂ ಇದನ್ನೇ ಕಲಿಸುತ್ತದೆ. ಗುರುದೀಕ್ಷೆಯ ದಿನ ಧರ್ಮಾಧ್ಯಕ್ಷರು ಅಭ್ಯರ್ಥಿಯ ತಲೆಯ ಮೇಲೆ ಕೈಯಿಟ್ಟ ಬಳಿಕ, ಅಲ್ಲಿರುವ ಗುರುಗಳೆಲ್ಲ ಒಬ್ಬೊಬ್ಬರಾಗಿ ಬಂದು ಕೈಯಿಡುವುದನ್ನು ನಾವು ನೋಡಿದ್ದೇವೆ. ಅದು ಬರಿಯ ಶುಭಹಾರೈಕೆಯಲ್ಲ. ಇನ್ನು ಮುಂದೆ ನೀನು ನಮ್ಮವನು ಎಂಬುದರ ಗುರುತು. 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಗುರುಗಳ ಕುರಿತ ಆಜ್ಞಾಪತ್ರವು ಈ ಸಹೋದರತ್ವ ಗುರುದೀಕ್ಷೆಯಿಂದಲೇ ಹುಟ್ಟುತ್ತದೆಂದು ತಿಳಿಸಿ, ಗುರುಗಳು ಸಾಧ್ಯವಾದ ಕಡೆ ಕೂಡಿ ಬಾಳಲಿ, ಇಲ್ಲವೇ ಆಗಾಗ್ಗೆ ಕೂಡಿ ಉಣ್ಣಲಿ, ಕಾಲಕಾಲಕ್ಕೆ ಸೇರಲಿ ಎಂದು ಬಯಸುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 555ನೇ ವಿಧಿಯು ಇದನ್ನು ವಲಯದ ಮುಖ್ಯಗುರುವಿನ ಹೊಣೆಯನ್ನಾಗಿ ಮಾಡಿದೆ: ಕಷ್ಟದಲ್ಲಿರುವ ಗುರುಗಳಿಗೆ ಆಸರೆಯಾಗಬೇಕು, ಕಾಯಿಲೆಯಲ್ಲಿರುವ ಧರ್ಮಕೇಂದ್ರದ ಗುರುಗಳಿಗೆ ಆಧ್ಯಾತ್ಮಿಕ ಮತ್ತು ಲೌಕಿಕ ನೆರವು ಸಿಗುವಂತೆ ನೋಡಿಕೊಳ್ಳಬೇಕು.

ಇನ್ನು ಸಂತ ವಿಯಾನ್ನಿಯವರ ಬಾಳಿಗೆ ಬರೋಣ. ಲತೀನ್ ಕಲಿಯಲಾರದೆ ಸೋತಿದ್ದ ಅವರನ್ನು ಕೈಹಿಡಿದು ನಡೆಸಿದವರು ಎಕ್ಯುಲಿಯ ವೃದ್ಧ ಗುರು ಬಾಲೆಯವರು. 1815ರಲ್ಲಿ ಗುರುದೀಕ್ಷೆಯಾದ ಮೇಲೆ ವಿಯಾನ್ನಿಯವರು ಅವರೊಡನೆಯೇ ಇದ್ದು ಸೇವೆ ಮಾಡಿದರು. 1817ರಲ್ಲಿ ಬಾಲೆಯವರು ತೀರಿಕೊಂಡರು. ಮರುವರ್ಷ ವಿಯಾನ್ನಿಯವರು ಆರ್ಸ್ ಎಂಬ ಪುಟ್ಟ ಹಳ್ಳಿಗೆ ಒಬ್ಬರೇ ಬಂದರು. ಜನ ದೂರದೂರದಿಂದ ಅವರ ಬಳಿ ಪಾಪನಿವೇದನೆಗೆ ಬರತೊಡಗಿದಾಗ ನೆರೆಯ ಕೆಲವು ಗುರುಗಳಿಗೇ ಸಹಿಸಲಾಗಲಿಲ್ಲ. ಅವರ ವಿರುದ್ಧ ಧರ್ಮಾಧ್ಯಕ್ಷರಿಗೆ ಬರೆದ ದೂರುಪತ್ರವು ತಪ್ಪಿ ಅವರ ಕೈಗೇ ಬಂದಾಗ, ತಾವೂ ಅದಕ್ಕೆ ಸಹಿ ಹಾಕಿ ಕಳುಹಿಸಿದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇಂಥ ಸಂತರೂ 1843ರಲ್ಲಿ ಮತ್ತು 1853ರಲ್ಲಿ ಆರ್ಸ್ ಬಿಟ್ಟು ಹೊರಟಿದ್ದರು! ಸಂತನೆಂದ ಮಾತ್ರಕ್ಕೆ ದಣಿವಾಗುವುದಿಲ್ಲವೆಂದು ನಾವು ತಿಳಿಯಬಾರದು.

2022ರ ಮೇ 15ರಂದು, ನಮ್ಮ ದೇಶದ ದೇವಸಹಾಯಂ ಅವರೊಡನೆ ಸಂತ ಪದವಿಗೇರಿದ ಶಾರ್ಲ್ ದ ಫುಕೋ ಅವರು ಸಹಾರಾ ಮರುಭೂಮಿಯಲ್ಲಿ ಒಂಟಿಯಾಗಿ ಬಾಳಿದವರು. ಜೊತೆಗೆ ಯಾವ ಕ್ರೈಸ್ತನೂ ಇಲ್ಲದೆ 1907ರ ಕ್ರಿಸ್ತಜಯಂತಿಯಂದು ಅವರು ಬಲಿಪೂಜೆಯನ್ನೇ ಅರ್ಪಿಸಲಾಗಲಿಲ್ಲ. ಅಂಥವರ ಹಾದಿಯಲ್ಲೇ ಗುರುಗಳ ಸಣ್ಣ ಸಣ್ಣ ಸಹೋದರ ಬಳಗಗಳು ಹುಟ್ಟಿಕೊಂಡದ್ದು ದೇವರ ಸೋಜಿಗ. ಕೆಲವೇ ಗುರುಗಳು ತಿಂಗಳಿಗೊಮ್ಮೆ ಸೇರುತ್ತಾರೆ. ಶುಭಸಂದೇಶ ಓದುತ್ತಾರೆ, ಪರಮಪ್ರಸಾದದ ಮುಂದೆ ಮೌನವಾಗಿ ಕೂರುತ್ತಾರೆ, ಕಳೆದ ತಿಂಗಳ ಬಾಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಕೂಡಿ ಉಣ್ಣುತ್ತಾರೆ. ಇಷ್ಟನ್ನು ಮಾಡಲು ದೊಡ್ಡ ಕಟ್ಟಡವಾಗಲಿ ಹಣವಾಗಲಿ ಬೇಕಿಲ್ಲ. ಕೋಲಾರದಿಂದ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆ, ಒಂದೂವರೆ ಗಂಟೆಯ ದಾರಿ.

ನಮ್ಮ ಸೀಮೆಯಲ್ಲಿ ಬೇರೆ ಕ್ರೈಸ್ತ ಸಭೆಗಳ ಪಾಸ್ಟರರೂ ಇದ್ದಾರೆ. ಅವರಿಗೆ ಹೆಂಡತಿ ಮಕ್ಕಳಿರುತ್ತಾರೆ, ಸಭೆ ಚಿಕ್ಕದಾದರೆ ವರಮಾನವೂ ಚಿಕ್ಕದು. ಅವರಿಗೂ ಜೊತೆ ಬೇಕು. ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯತಾ ಪ್ರಾರ್ಥನಾ ವಾರದಲ್ಲಿ ಮಾತ್ರವಲ್ಲದೆ, ಕಷ್ಟಸುಖದಲ್ಲಿಯೂ ನಾವು ಅವರನ್ನು ವಿಚಾರಿಸಿಕೊಂಡರೆ ಅದೂ ಕ್ರಿಸ್ತನ ಕೆಲಸವೇ.

ಹಾಗಾದರೆ ನಾವು ಮಾಡಬೇಕಾದದ್ದೇನು? ಸ್ವಾಮಿಗಳು ಗುರುಗಳ ಕೂಟಕ್ಕೆ ಹೊರಟಾಗ 'ಯಾವಾಗಲೂ ಮೀಟಿಂಗು' ಎಂದು ಗೊಣಗದಿರೋಣ. ಆ ಹೊತ್ತಿನಲ್ಲೇ ಮನೆಯಲ್ಲಿ ಯಾರಿಗಾದರೂ ಪ್ರಾಣಸಂಕಟವಾದರೆ ಏನು ಗತಿ ಎಂಬ ನಮ್ಮ ಭಯ ಸುಳ್ಳಲ್ಲ. ಅದಕ್ಕೆ ಪಕ್ಕದ ಧರ್ಮಕೇಂದ್ರದ ಗುರುಗಳ ಫೋನ್ ನಂಬರು ದೇವಾಲಯದ ಫಲಕದಲ್ಲಿಯೂ ಉಪದೇಶಿಗಳ ಬಳಿಯೂ ಇದ್ದರೆ ಸಾಕು. ಇನ್ನೊಂದು ಮಾತು. 'ಹಿಂದಿನ ಸ್ವಾಮಿಗಳು ಹೀಗಿರಲಿಲ್ಲ' ಎಂದು ಒಬ್ಬರ ಮುಂದೆ ಇನ್ನೊಬ್ಬರನ್ನು ತೂಗುವುದನ್ನು ಬಿಡೋಣ. ಗುರುಗಳ ನಡುವೆ ಬಿರುಕು ಹುಟ್ಟಿಸುವವರು ಅನೇಕ ಸಲ ನಾವೇ ಆಗಿರುತ್ತೇವೆ. ಅವರು ಕಾಯಿಲೆ ಬಿದ್ದರೆ ಒಂದು ಬಟ್ಟಲು ಗಂಜಿ ಒಯ್ಯುವುದರ ಜೊತೆಗೆ, ಪಕ್ಕದ ಸ್ವಾಮಿಗಳಿಗೂ ಒಂದು ಮಾತು ತಿಳಿಸೋಣ.

ಮೋಶೆಯ ಕೈಗಳು ಸೋತಾಗ ಎತ್ತಿಹಿಡಿದವರು ಇಬ್ಬರೇ. ನಮ್ಮ ಸ್ವಾಮಿಗಳ ಕೈಗಳನ್ನು ಎತ್ತಿಹಿಡಿಯಲು ಅವರ ಗುರುಬಾಂಧವರು ಒಂದು ಬದಿಗೆ ನಿಲ್ಲಲಿ, ಇನ್ನೊಂದು ಬದಿಗೆ ನಾವು ನಿಲ್ಲೋಣ. ಈ ಹಬ್ಬದಂದು ಶಾಲಿನ ಜೊತೆ ನಮ್ಮ ಮನೆಮನೆಯ ಜಪಸರದ ಒಂದು ದಶಕವನ್ನೂ ಅವರಿಗಾಗಿ ಸಲ್ಲಿಸೋಣ.

ಸಂತ ಜಾನ್ ಮರಿಯ ವಿಯಾನ್ನಿಯವರೇ, ನಮ್ಮ ಗುರುಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.