ಸಿಲಿಕಾನ್‌ಗೆ ಮುಂಚೆ ಒಂದು ಚಿಪ್

ಕ್ಲಾಸ್, ಆಬ್ಜೆಕ್ಟ್ ಎಂದೊಡನೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೆನಪಾಗುವುದು ಬ್ಯಾಂಕ್ ಖಾತೆಯ ಉದಾಹರಣೆ. ಆದರೆ ಆ ವಿಚಾರದ ತವರು ಬೇರೆ. 1960ರ ದಶಕದಲ್ಲಿ ನಾರ್ವೆಯ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಸಿಮುಲಾ ಭಾಷೆಯನ್ನು ಕಟ್ಟಿದ್ದೇ ಹೊರಜಗತ್ತಿನ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಲು.

ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಒಂದು ಕಂಪ್ಯೂಟರ್ ವ್ಯವಸ್ಥೆಯ ಸಿಮ್ಯುಲೇಟರನ್ನು ಸಿಮುಲಾದಲ್ಲಿ ಬರೆದರು. ಬರೆಯಲು ಹಿತವಾಗಿತ್ತು, ಓಟ ಮಾತ್ರ ತೀರಾ ನಿಧಾನ. ಬೇರೆ ಭಾಷೆಯಲ್ಲಿ ಮತ್ತೆ ಬರೆಯಬೇಕಾಯಿತು. 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅವರು ಸಿ ಭಾಷೆಗೆ ಕ್ಲಾಸ್‌ಗಳನ್ನು ಸೇರಿಸಹೊರಟಾಗ ಆ ಪಾಡು ಮರೆತಿರಲಿಲ್ಲ. ಸಿ ಪ್ಲಸ್ ಪ್ಲಸ್ ಬೆಳೆದದ್ದು ಹೀಗೆ. ಹಾರ್ಡ್‌ವೇರಿನ ಮಾದರಿಗಳನ್ನು ಬರೆಯಲೆಂದು ಅದರ ಮೇಲೆಯೇ ಕಟ್ಟಿದ ಸಿಸ್ಟಮ್‌ಸಿ 1999ರಲ್ಲಿ ಬಂತು, 2005ರಲ್ಲಿ ಐಇಇಇ 1666 ಮಾನದಂಡವಾಯಿತು. ಹೊರಜಗತ್ತನ್ನು ಅನುಕರಿಸಲು ಹುಟ್ಟಿದ ಕ್ಲಾಸ್ ಕಂಪ್ಯೂಟರಿನ ಒಡಲಿಗೇ ಬಂದು ಸೇರಿತು.

ಚಿಪ್ಪನ್ನು ಹೀಗೆ ಕೋಡ್‌ನಲ್ಲಿ ಬರೆಯುವಾಗ ಒಂದು ನಿಜವಾದ ತೊಡಕಿದೆ. ಸಾಮಾನ್ಯ ಪ್ರೋಗ್ರಾಂ ಸಾಲಿನ ನಂತರ ಸಾಲಾಗಿ ನಡೆಯುತ್ತದೆ. ಚಿಪ್ಪಿನಲ್ಲಿ ಎಲ್ಲ ಸರ್ಕ್ಯೂಟ್‌ಗಳೂ ಏಕಕಾಲಕ್ಕೆ ದುಡಿಯುತ್ತವೆ. ಸಿಸ್ಟಮ್‌ಸಿ ಇದನ್ನು ಎರಡು ಹಂತದಲ್ಲಿ ನಿಭಾಯಿಸುತ್ತದೆ. ಮೊದಲು ಎಲ್ಲ ಮಾಡ್ಯೂಲ್‌ಗಳೂ ಹಳೆಯ ಸಿಗ್ನಲ್‌ಗಳನ್ನೇ ಓದಿ ಲೆಕ್ಕ ಮುಗಿಸುತ್ತವೆ, ಆಮೇಲೆ ಹೊಸ ಬೆಲೆಗಳು ಒಟ್ಟಿಗೆ ಜಾರಿಗೆ ಬರುತ್ತವೆ. ಯಾರ ಸರದಿ ಮೊದಲು ಬಂದರೂ ಫಲಿತಾಂಶ ಕೆಡುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿನ್ಯಾಸದ ಸೊಗಸು ಇದೇ.

ಕಾಲೇಜುಗಳಲ್ಲಿ ಇನ್‌ಹೆರಿಟೆನ್ಸ್‌ಗೆ, ಅಂದರೆ ಒಂದು ಕ್ಲಾಸ್‌ನಿಂದ ಇನ್ನೊಂದನ್ನು ಹುಟ್ಟಿಸುವುದಕ್ಕೆ, ಸಲ್ಲುವ ಗೌರವ ಹೆಚ್ಚಾಯಿತೆಂದು ನನಗನಿಸುತ್ತದೆ. ಹಾರ್ಡ್‌ವೇರ್ ಮಾದರಿಯಲ್ಲಿ ಹೆಚ್ಚು ಬೆಲೆ ಬಾಳುವುದು ಭಾಗಗಳನ್ನು ಬೆಸೆಯುವ ಪೋರ್ಟ್. ಜೆಮ್5 ಎಂಬ ಸಿಮ್ಯುಲೇಟರನ್ನೇ ನೋಡಿ. ಅದರಲ್ಲಿ ಪ್ರೊಸೆಸರ್ ಬಳಿಯ ಪುಟ್ಟ, ವೇಗದ ಮೆಮೊರಿಗಳಾದ ಎಲ್1, ಎಲ್2 ಕ್ಯಾಶ್‌ಗಳೆರಡೂ ಒಂದೇ ಕ್ಲಾಸ್‌ನ ಆಬ್ಜೆಕ್ಟ್‌ಗಳು. ಗಾತ್ರ, ತಡ ಮುಂತಾದ ಅಂಕಿಗಳಷ್ಟೇ ಬೇರೆ. ಸರಳ ಪ್ರೊಸೆಸರ್ ತೆಗೆದು, ಆದೇಶಗಳನ್ನು ಹಿಂದುಮುಂದಾಗಿಸಿ ನಡೆಸುವ ಜಟಿಲ ಪ್ರೊಸೆಸರನ್ನು ಕೂರಿಸಿದರೂ ಕ್ಯಾಶ್‌ನ ಕೋಡನ್ನು ಮುಟ್ಟಬೇಕಿಲ್ಲ, ಪೋರ್ಟ್ ಹೊಂದಿದರೆ ಸಾಕು.

ಇಷ್ಟೆಲ್ಲ ಮಾದರಿ ಕಟ್ಟುವುದೇಕೆ? ತಪ್ಪನ್ನು ಮಾದರಿಯ ಕೋಡ್‌ನಲ್ಲೇ ಹಿಡಿದರೆ ಒಂದು ಸಾಲು ತಿದ್ದಿದರಾಯಿತು. ಚಿಪ್ ಮಾರುಕಟ್ಟೆಗೆ ಹೋದ ಮೇಲಾದರೆ? 1994ರಲ್ಲಿ ಪೆಂಟಿಯಂ ಪ್ರೊಸೆಸರಿನ ಭಾಗಾಕಾರದ ದೋಷ ಬಯಲಾದಾಗ ಇಂಟೆಲ್ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಾಲಿಟ್ಟಂದಿನಿಂದ ಬೆಂಗಳೂರು ಚಿಪ್ ವಿನ್ಯಾಸದ ಊರಾಗಿದೆ. ಆ ಕೆಲಸದ ಕನಸಿರುವ ವಿದ್ಯಾರ್ಥಿಗಳೇ, ಬ್ಯಾಂಕ್ ಖಾತೆಯನ್ನು ಬದಿಗಿಟ್ಟು ಒಂದು ಕ್ಯಾಶ್ ಬರೆದು ನೋಡಿ. ಸಿಸ್ಟಮ್‌ಸಿ, ಜೆಮ್5 ಎರಡೂ ಉಚಿತವಾಗಿ ಸಿಗುತ್ತವೆ.