ಮನೆವಾರ್ತೆಯ ಮಿತವ್ಯಯದಿಂದ ಜಮೀನಿನ ಅಡಮಾನ ವಿಮೋಚನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿ ನಡೆಯತಕ್ಕದ್ದೆಂಬುದು ವಾಚಕರಿಗೆ ತಿಳಿಯದ ಸಂಗತಿಯಲ್ಲ. ಮಳೆ ತಪ್ಪಿದ ವರ್ಷದಲ್ಲಿ ಸಾಲವು ಬೆಳೆಯುವುದೂ, ಸಾಲಕ್ಕೆ ಆಧಾರವಾಗಿ ಜಮೀನು ಪರರ ವಶವಾಗುವುದೂ ಇಲ್ಲಿ ಅಪೂರ್ವವಲ್ಲ. ಕೆಲವು ವರ್ಷಗಳ ಹಿಂದೆ ಸರ್ಕೀಟಿನಲ್ಲಿದ್ದಾಗ ಕೊರಟಗೆರೆ ತಾಲ್ಲೂಕಿನ ಒಂದು ಗ್ರಾಮದಲ್ಲಿ ಒಳ್ಳೆಯ ರಾಗಿಯ ಪೈರನ್ನು ಕಂಡು, ಕಳೆ ಕೀಳುತ್ತಿದ್ದ ವೃದ್ಧರೊಬ್ಬರನ್ನು, “ಹೊಲ ಯಾರದು, ಯಜಮಾನರೇ?” ಎಂದು ಕೇಳಿದೆನು. “ಹೊಲ ನಂದೇ ಸ್ವಾಮಿ, ಬೆಳೆ ಮಾತ್ರ ನಂದಲ್ಲ” ಎಂದು ಅವರು ಉತ್ತರಕೊಟ್ಟರು. ಮಗಳ ಮದುವೆಗಾಗಿ ಭೋಗ್ಯಕ್ಕೆ ಕೊಟ್ಟ ತಮ್ಮ ಹೊಲದಲ್ಲಿಯೇ ಅವರು ದಿನಗೂಲಿಗೆ ದುಡಿಯುತ್ತಿದ್ದರು.

ಮಿತವಾಗಿ ವೆಚ್ಚಮಾಡಬೇಕೆಂದು ಉಪದೇಶಿಸುವವರು ಬಹಳ ಮಂದಿ. ಆದರೆ ಉಳಿಸಿದ ಹಣವು ಅಸಲಿಗೆ ಸೇರಿದ ಹೊರತು ಸಾಲವು ಬೇಗ ತೀರುವುದಿಲ್ಲವೆಂಬುದನ್ನು ಲೆಕ್ಕಹಾಕಿ ತೋರಿಸುವವರು ವಿರಳ. ಆ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

ದಿನಕ್ಕೆ 28 ರೂಪಾಯಿ

ಒಬ್ಬ ಹಿಡುವಳಿದಾರನು ಜಮೀನಿನ ಆಧಾರದ ಮೇಲೆ 2,00,000 ರೂಪಾಯಿಗಳನ್ನು ವರ್ಷಕ್ಕೆ ಶೇಕಡಾ 10 ರ ಬಡ್ಡಿಯಂತೆ ಹತ್ತು ವರ್ಷದ ವಾಯಿದೆಗೆ ಪಡೆದಿರುವನೆಂದು ಭಾವಿಸೋಣ. ವರ್ಷಂಪ್ರತಿ ಅಸಲಿಗೆ 20,000 ರೂಪಾಯಿಗಳನ್ನೂ, ಉಳಿದ ಅಸಲಿನ ಮೇಲಣ ಬಡ್ಡಿಯನ್ನೂ ಕಟ್ಟುತ್ತ ಹೋದರೆ, ಹತ್ತು ವರ್ಷಗಳಲ್ಲಿ ಅವನು ತೆರುವ ಬಡ್ಡಿಯು ಒಟ್ಟು 1,10,000 ರೂಪಾಯಿಗಳಾಗುವುದು. ಇದೇ ಮನುಷ್ಯನು ಪ್ರತಿ ವರ್ಷವೂ ಅಸಲಿಗೆ 10,000 ರೂಪಾಯಿಗಳನ್ನು ಹೆಚ್ಚಾಗಿ ಕಟ್ಟಿದರೆ, ಸಾಲವು ಏಳೇ ವರ್ಷಗಳಲ್ಲಿ ತೀರಿ, ಬಡ್ಡಿಯು 77,000 ರೂಪಾಯಿಗಳಿಗೆ ಇಳಿಯುವುದು. ಮೂರು ವರ್ಷಗಳ ಋಣವೂ 33,000 ರೂಪಾಯಿಗಳ ಬಡ್ಡಿಯೂ ತಪ್ಪಿದಂತಾಯಿತು. ವರ್ಷಕ್ಕೆ 10,000 ವೆಂದರೆ ದಿನಕ್ಕೆ ಸುಮಾರು 28 ರೂಪಾಯಿ. ಹನಿಗೂಡಿದರೆ ಹಳ್ಳವೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ.

ಹೆಚ್ಚಿನ ಹಣವನ್ನು ಆದಿಯಲ್ಲಿಯೇ ಕಟ್ಟಿದಷ್ಟೂ ಲಾಭವು ಅಧಿಕ. ಮೊದಲನೆಯ ವರ್ಷ ಕಟ್ಟಿದ 10,000 ರೂಪಾಯಿಯು, ಸಾಲವಿರುವವರೆಗೆ ಮುಂದಿನ ಪ್ರತಿ ವರ್ಷವೂ 1,000 ರೂಪಾಯಿ ಬಡ್ಡಿಯನ್ನು ತಪ್ಪಿಸುವುದು. ಕೊನೆಯ ವರ್ಷಗಳಲ್ಲಿ ಕಟ್ಟಿದ್ದಕ್ಕೆ ಆ ಫಲವಿಲ್ಲ.

ಯಾವ ಸಾಲವು ಮೊದಲು?

ಅನೇಕ ಮನೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಾಲಗಳಿರುವುವು. ಕೈಸಾಲ ಕೊಡುವವನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದಾಗ ಅದು ಅಲ್ಪವೆಂದು ತೋರುವುದು; ವಾಸ್ತವದಲ್ಲಿ ಅದು ವರ್ಷಕ್ಕೆ ಶೇಕಡಾ 24. ಮೂರು ರೂಪಾಯಿಯಾದರೆ ಶೇಕಡಾ 36. ಆದುದರಿಂದ ಮಿಗುವ ಹಣವನ್ನು ಮೊದಲು ಇಂತಹ ದುಬಾರಿ ಸಾಲಕ್ಕೂ, ಆಮೇಲೆ ಜಮೀನಿನ ಅಡಮಾನಕ್ಕೂ ಕಟ್ಟತಕ್ಕದ್ದು. ಸಹಕಾರ ಸಂಘದ ಬೆಳೆ ಸಾಲವನ್ನು ಅವಧಿಗೆ ಮುಂಚೆ ತೀರಿಸಲು ಆತುರಪಡಬೇಕಾಗಿಲ್ಲ, ಆದರೆ ಅವಧಿಯನ್ನು ಎಂದಿಗೂ ಮೀರಲಾಗದು. ರಾಜ್ಯ ಸರ್ಕಾರವು 2023-24 ನೆಯ ಸಾಲಿನ ಆಯವ್ಯಯದಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಿತು. ಇಂತಹ ರಿಯಾಯಿತಿಯು ಕಾಲಕ್ಕೆ ಸರಿಯಾಗಿ ಕಟ್ಟಿದವರಿಗೇ ಮೀಸಲು.

ಹಳೆಯ ಸಾಲಗಳಿಂದ ಜಮೀನನ್ನು ಬಿಡಿಸಿ, ದೀರ್ಘಾವಧಿಯ ಕಂತುಗಳಲ್ಲಿ ತೀರಿಸುವ ಅನುಕೂಲವನ್ನು ರೈತರಿಗೆ ಕಲ್ಪಿಸುವುದಕ್ಕಾಗಿಯೇ ಮೈಸೂರು ಸಂಸ್ಥಾನದಲ್ಲಿ 1929 ನೆಯ ಇಸವಿಯಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾಯಿತು. ಅದರ ಸಂತತಿಯಾದ ತಾಲ್ಲೂಕಿನ ಬ್ಯಾಂಕುಗಳನ್ನು ಜನರು ಪಿ.ಎಲ್.ಡಿ. ಬ್ಯಾಂಕೆಂದು ಕರೆಯುವರು. ದುಬಾರಿ ಸಾಲವನ್ನು ಕಡಮೆ ಬಡ್ಡಿಯ ಸಾಲಕ್ಕೆ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂದು ಅಲ್ಲಿ ವಿಚಾರಿಸುವುದು ವಿವೇಕ.

ಉಳಿತಾಯವು ಎಲ್ಲಿಂದ ಬರಬೇಕು?

ಒಂದು ತಿಂಗಳ ಕಾಲ ಮನೆಯ ವೆಚ್ಚವನ್ನು ದಿನವಹಿ ಬರೆದಿಟ್ಟರೆ ಉತ್ತರವು ತಾನೇ ದೊರೆಯುವುದು. ಅಂಗಡಿಯ ಉದ್ದರಿ ಬಾಕಿ, ಹೋಟೆಲಿನ ಕಾಫಿ ತಿಂಡಿ, ಬೀಡಿ, ಕೆಲಸವಿಲ್ಲದೆ ಪೇಟೆಗೆ ಓಡಾಟ, ಇವುಗಳಲ್ಲಿಯೇ 28 ರೂಪಾಯಿಗಳು ಅಡಗಿರುವುವು. ಉದ್ದರಿ ತಂದವನು ತೂಕವನ್ನೂ ಬೆಲೆಯನ್ನೂ ವಾದಿಸಲಾರನು. ನಗದು ಕೊಟ್ಟು ತಿಂಗಳಿಗೊಮ್ಮೆ ಕೊಳ್ಳುವವನಿಗೆ ಆ ಸ್ವಾತಂತ್ರ್ಯವುಂಟು.

ಹೊಲದಿಂದಲೇ ಅಡಿಗೆಮನೆಯ ವೆಚ್ಚವನ್ನು ತಗ್ಗಿಸಬಹುದು. ನಮ್ಮ ಹಿರಿಯರು ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸುವೆಗಳನ್ನು ಬಿತ್ತುತ್ತಿದ್ದರು. ಬೇಳೆಯೂ ಎಣ್ಣೆಯೂ ಮನೆಯಲ್ಲಿಯೇ ಒದಗುತ್ತಿದ್ದುವು. ಬಚ್ಚಲ ನೀರು ಹರಿಯುವೆಡೆಯಲ್ಲಿ ಎರಡು ನುಗ್ಗೆ ಗಿಡ, ಒಂದು ಕರಿಬೇವು, ನಾಲ್ಕು ಬದನೆ ಸಾಲುಗಳಿದ್ದರೆ ಸಂತೆಯ ವೆಚ್ಚವು ಇಳಿಯುವುದು. ಕಡಲೆಕಾಯಿ ಬಿತ್ತನೆಗೆ ಎಕರೆಯೊಂದಕ್ಕೆ ಸುಮಾರು 40 ಕಿಲೋಗ್ರಾಂ ಬೀಜವು ಬೇಕಾಗುವುದರಿಂದ, ಮುಂಗಾರಿನಲ್ಲಿ ಅದನ್ನು ಸಾಲಮಾಡಿ ಕೊಳ್ಳುವುದೇ ಪಾವಗಡ, ಶಿರಾ ಸೀಮೆಯ ರೈತರಿಗೆ ದೊಡ್ಡ ಹೊರೆ. ರೋಗವಿಲ್ಲದ ಗಿಡಗಳಿಂದ ಬಲಿತ ಕಾಯಿಗಳನ್ನು ಆರಿಸಿ, ಅಲ್ಲಾಡಿಸಿದರೆ ಕಾಳು ಗಲಗಲನೆನ್ನುವಷ್ಟು ಒಣಗಿಸಿ, ಸಿಪ್ಪೆಯೊಂದಿಗೇ ಚೀಲಗಳಲ್ಲಿ ತುಂಬಿ, ನೆಲದ ತೇವ ತಾಗದಂತೆ ಹಲಗೆಯ ಮೇಲಿಟ್ಟು, ಬಿತ್ತನೆಯ ಸಮಯಕ್ಕೆ ಸುಲಿದುಕೊಂಡರೆ ಈ ಹೊರೆಯು ತಪ್ಪುವುದು.

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಿನ ಗ್ರಾಮಗಳಲ್ಲಿ ಸೌರ ವಿದ್ಯುತ್ ಸ್ಥಾವರಕ್ಕೆ ಜಮೀನನ್ನು ಗುತ್ತಿಗೆಗೆ ಕೊಟ್ಟ ಹಿಡುವಳಿದಾರರಿಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಆರಂಭವಾಗಿ ಕಾಲಕ್ರಮದಲ್ಲಿ ಏರುವಂತೆ ಗುತ್ತಿಗೆ ಹಣವು ಗೊತ್ತಾಯಿತು. ಮಳೆ ಬಂದರೂ ಬಾರದಿದ್ದರೂ ಕೈಸೇರುವ ಹಣವಿದು. ಇದರಲ್ಲಿ ಒಂದು ಪಾಲನ್ನು ಮನೆಗೆ ತರುವ ಮೊದಲೇ ಸಾಲದ ಖಾತೆಗೆ ಕಟ್ಟುವವನು ಜಾಣನು. ಹಾಲಿನ ಬಟವಾಡೆ, ಹುಣಿಸೆಹಣ್ಣಿನ ಹಣ, ಕುರಿ ಮಾರಿದ ಹಣ, ಇವುಗಳಿಗೂ ಇದೇ ನಿಯಮವು ಅನ್ವಯಿಸುವುದು. ಮನೆಯ ಪೆಟ್ಟಿಗೆಯಲ್ಲಿಟ್ಟ ಹಣಕ್ಕೆ ನೂರು ಬಾಗಿಲು.

ಯಾವುದರಲ್ಲಿ ಉಳಿಸಲಾಗದು?

ಮಿತವ್ಯಯವು ಬೇರೆ, ಕಾರ್ಪಣ್ಯವು ಬೇರೆ. ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಹನಿಯನ್ನೂ ಉಳಿಸದಿರುವುದು, ಗೊಬ್ಬರ ಕಡಮೆಮಾಡಿ ಭೂಸಾರವನ್ನು ಹಾಳುಮಾಡುವುದು, ಬೆಳೆವಿಮೆಯ ಕಂತನ್ನು ಬಿಡುವುದು, ಹೆಣ್ಣುಮಗುವನ್ನು ಶಾಲೆ ಬಿಡಿಸುವುದು, ಇವು ಉಳಿತಾಯಗಳಲ್ಲ. ಮುಂದಿನ ಸಾಲಕ್ಕೆ ಹಾಕಿದ ತಳಹದಿಗಳು. ಹಾಗೆಯೇ ಒಂದು ವರ್ಷದ ರಾಗಿಯನ್ನೂ ಮೇವನ್ನೂ ದಾಸ್ತಾನಿನಲ್ಲಿಟ್ಟುಕೊಂಡ ಮೇಲೆಯೇ ಅಸಲಿಗೆ ಹೆಚ್ಚಿನ ಹಣವನ್ನು ಕಟ್ಟಬೇಕು. ಹಿಂದೆ ಹಗೇವಿನಲ್ಲಿ ರಾಗಿಯನ್ನು ತುಂಬಿಟ್ಟವರಿಗೆ ಬರಗಾಲದಲ್ಲಿ ಸಾಹುಕಾರನ ಬಾಗಿಲು ಬೇಕಾಗುತ್ತಿರಲಿಲ್ಲ.

ಕಾಗದಪತ್ರಗಳ ವಿಷಯ

ಬ್ಯಾಂಕಿನ ಸಾಲವಾದರೆ, ಮುಂಗಡವಾಗಿ ಕಟ್ಟುವುದಕ್ಕೆ ಶುಲ್ಕವುಂಟೇ ಎಂಬುದನ್ನು ಸಾಲಪತ್ರದಲ್ಲಿ ನೋಡಿಕೊಂಡು, ಹೆಚ್ಚಿನ ಹಣವು “ಅಸಲಿಗೆ ಜಮಾ” ಆಗಬೇಕೆಂದು ಬರೆದು ಕೊಟ್ಟು ರಸೀತಿಯನ್ನು ಪಡೆಯಬೇಕು. ಭೋಗ್ಯದ ರೀತಿಯು ಬೇರೆ. ಬಡ್ಡಿಗೆ ಬದಲಾಗಿ ಫಸಲನ್ನೇ ಅನುಭವಿಸುವ ಭೋಗ್ಯದಾರನಿಗೆ ಅಷ್ಟಿಷ್ಟು ಹಣವನ್ನು ಕೊಟ್ಟರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಹೊಲದ ಒಂದು ಪಾಲೂ ಹಿಂದಿರುಗದು. ಪೂರ್ತಿ ಮೊಬಲಗು ಕೂಡುವವರೆಗೆ ಅದನ್ನು ಸಹಕಾರ ಸಂಘದಲ್ಲಿಯೋ ಬ್ಯಾಂಕಿನಲ್ಲಿಯೋ ಪ್ರತ್ಯೇಕ ಖಾತೆಯಲ್ಲಿ ಸೇರಿಸುತ್ತ ಬರತಕ್ಕದ್ದು. ಮೇಲೆ ಹೇಳಿದ ವೃದ್ಧರ ಮನೆಯವರು ಹೀಗೆಯೇ ಮಾಡಿ, ಸೊಸೆಯ ಕೈಯಲ್ಲಿ ಲೆಕ್ಕವನ್ನಿಟ್ಟು, ಐದನೆಯ ವರ್ಷ ಹೊಲವನ್ನು ಬಿಡಿಸಿಕೊಂಡರು.

ವಾಯಿದೆ ಮುಗಿದ ಮೇಲೆ ಹಣವನ್ನು ಸ್ವೀಕರಿಸಲು ಭೋಗ್ಯದಾರನು ಒಪ್ಪದಿದ್ದರೆ, 1882 ನೆಯ ಇಸವಿಯ ಸ್ವತ್ತು ವರ್ಗಾವಣೆಯ ಕಾಯಿದೆಯ 83 ನೆಯ ಪ್ರಕರಣದಂತೆ ಅದನ್ನು ನ್ಯಾಯಾಲಯದಲ್ಲಿ ಠೇವಣಿಯಿಡಲು ಅವಕಾಶವುಂಟು. ಸಾಲವು ತೀರಿದ ಕೂಡಲೆ ಖುಲಾಸೆ ಪತ್ರವನ್ನು ನೋಂದಾಯಿಸಿ, ಮೂಲ ದಸ್ತಾವೇಜುಗಳನ್ನು ಹಿಂದಕ್ಕೆ ಪಡೆದು, ಪಹಣಿಯಲ್ಲಿ ಋಣದ ನಮೂದನ್ನು ತೆಗೆಯಿಸಿ, ಋಣಭಾರದ ದೃಢೀಕರಣ ಪತ್ರದಿಂದ ಖಚಿತಪಡಿಸಿಕೊಳ್ಳಬೇಕು. ಹಣ ಕೊಟ್ಟೂ ಈ ಕ್ರಮಗಳನ್ನು ಅಲಕ್ಷಿಸಿದವರ ಮಕ್ಕಳು ವ್ಯಾಜ್ಯಗಳಲ್ಲಿ ಬಳಲುವುದುಂಟು.

ಮುಖಂಡರಲ್ಲಿ ವಿಜ್ಞಾಪನೆ

ನಮ್ಮ ಸೀಮೆಯಲ್ಲಿ ಜಮೀನನ್ನು ಭೋಗ್ಯಕ್ಕೆ ತಳ್ಳುವುದು ದಿನದ ಕಾಫಿಗಿಂತ ಮದುವೆಯ ಚಪ್ಪರವೇ ಹೆಚ್ಚು. ಊರಿನ ಹಿರಿಯರು ತಮ್ಮ ಮನೆಯ ಶುಭಕಾರ್ಯದಲ್ಲಿ ಎಷ್ಟು ವೆಚ್ಚ ಮಾಡುವರೋ ಅಷ್ಟನ್ನು ಮಾಡದಿದ್ದರೆ ಮರ್ಯಾದೆ ಉಳಿಯದೆಂದು ಎರಡೆಕರೆ ಖುಷ್ಕಿಯ ಒಡೆಯನೂ ಭಾವಿಸುವನು. ಆದುದರಿಂದ ಮಿತವ್ಯಯವು ಮೊದಲು ಮುಖಂಡರ ಮನೆಯಿಂದಲೇ ಆರಂಭವಾಗಬೇಕು. ಅನುಕೂಲಸ್ಥರು ಸರಳವಾಗಿ ಒಂದು ಮದುವೆಯನ್ನು ನಡೆಯಿಸಿ ತೋರಿಸಿದರೆ, ಆ ಗ್ರಾಮದಲ್ಲಿ ಎಷ್ಟೋ ಮಂದಿಯ ಹೊಲಗಳು ಅವರವರ ಕೈಯಲ್ಲಿಯೇ ಉಳಿಯುವುವು.