ಸಂಚಾರಿ ವಿಜ್ಞಾನಶಾಲೆಯೂ ನಮ್ಮ ಅಂಗಳದ ಶಂಕುವೂ

ಕಳೆದ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಸಂಚಾರಿ ವಿಜ್ಞಾನ ವಾಹನವೊಂದು ನಮ್ಮ ಶಾಲೆಗೆ ಬಂದು ಒಂದು ದಿನ ತಂಗಿದ್ದುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅರ್ಧವಾರ್ಷಿಕ ಪರೀಕ್ಷೆ ಸಮೀಪಿಸಿರುವಾಗ ಒಂದು ದಿನದ ಪಾಠ ಕೆಟ್ಟಿತಲ್ಲ ಎಂದು ಪೋಷಕರಲ್ಲಿ ಕೆಲವರು ನಮ್ಮೊಡನೆ ಅಸಮಾಧಾನ ಸೂಚಿಸಿದ್ದೂ ಉಂಟು. ಅವರ ಕಳಕಳಿಯನ್ನು ನಾವು ಹಗುರವಾಗಿ ಎಣಿಸಿಲ್ಲ. ಆದಕಾರಣ ಇಂಥ ಏರ್ಪಾಡುಗಳು ಹೇಗೆ ಹುಟ್ಟಿದುವು, ಅವುಗಳಲ್ಲಿ ನಡೆಯುವುದೇನು, ಅವು ಮರಳಿ ಹೋದ ಮೇಲೆ ನಮ್ಮಲ್ಲಿ ಉಳಿಯುವುದೇನು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸುವೆವು.

ವಸ್ತುಸಂಗ್ರಹಾಲಯಗಳು ನಗರಗಳಲ್ಲಿರುವುವು, ಮಕ್ಕಳಲ್ಲಿ ಬಹುಮಂದಿ ಹಳ್ಳಿಗಳಲ್ಲಿರುವರು. ಮಕ್ಕಳು ಅಲ್ಲಿಗೆ ಹೋಗಲಾರದಿದ್ದರೆ ಅದೇ ಇಲ್ಲಿಗೆ ಬರಲಿ ಎಂಬುದು ಈ ಕಾರ್ಯದ ಮೂಲಭಾವನೆ. ಕಲ್ಕತ್ತೆಯಲ್ಲಿ 1959ರಲ್ಲಿ ತೆರೆದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು 1965ರಲ್ಲಿ ತನ್ನ ಪ್ರದರ್ಶನ ವಸ್ತುಗಳನ್ನು ವಾಹನಕ್ಕೇರಿಸಿ ಶಾಲೆಗಳ ಬಳಿಗೆ ಕಳುಹಿಸಲಾರಂಭಿಸಿತು. ಮುಂದೆ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವೂ ಈ ಮಾರ್ಗವನ್ನು ಹಿಡಿಯಿತು. 2007ರ ಅಕ್ಟೋಬರ್ 30ರಂದು ದೆಹಲಿಯಿಂದ ಹೊರಟ ಸೈನ್ಸ್ ಎಕ್ಸ್‌ಪ್ರೆಸ್ ಎಂಬ ರೈಲು 2017ರವರೆಗೆ ನಿಲ್ದಾಣದಿಂದ ನಿಲ್ದಾಣಕ್ಕೆ ವಿಜ್ಞಾನವನ್ನು ಹೊತ್ತು ತಿರುಗಿತು. ಆಂಧ್ರ, ಕರ್ನಾಟಕ, ತಮಿಳುನಾಡುಗಳ ಗಡಿಗಳು ಕೂಡುವ ಕುಪ್ಪಂ ಸೀಮೆಯಲ್ಲಿ ನೆಲೆಗೊಂಡ ಅಗಸ್ತ್ಯ ಪ್ರತಿಷ್ಠಾನವು 1999ರಲ್ಲಿ ಸ್ಥಾಪಿತವಾಗಿ, ವ್ಯಾನುಗಳಲ್ಲಿಯೂ ಮೋಟಾರ್ ಸೈಕಲುಗಳಲ್ಲಿಯೂ ಪ್ರಯೋಗ ಸಾಮಗ್ರಿಯನ್ನಿಟ್ಟು ಹಳ್ಳಿಯ ಶಾಲೆಗಳಿಗೆ ಕಳುಹಿಸುತ್ತಿದೆ.

ಇಂಥ ವಾಹನದ ಮುಖ್ಯ ನಿಯಮವೊಂದೇ: ಮುಟ್ಟಬಾರದೆಂಬ ಫಲಕ ಅಲ್ಲಿರಕೂಡದು. ಕೈಯಿಂದ ತಿರುಗಿಸುವ ಡೈನಮೋ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದೀಪ ಜೋಡಿಸದಿರುವಾಗ ಹಿಡಿ ಹಗುರವಾಗಿ ತಿರುಗುವುದು. ದೀಪವನ್ನು ಜೋಡಿಸಿದೊಡನೆಯೇ ಭಾರವಾಗುವುದು. ಎರಡನೆಯ ದೀಪ ಸೇರಿದರೆ ತೋಳು ನೋಯುವುದು. ಶಕ್ತಿಯು ಒಂದು ರೂಪದಿಂದ ಮತ್ತೊಂದು ರೂಪಕ್ಕೆ ಮಾರ್ಪಡುವುದೆಂಬ ವಾಕ್ಯವನ್ನು ನಮ್ಮ ಏಳನೆಯ ತರಗತಿಯವರು ಎಷ್ಟೋ ಬಾರಿ ಬರೆದಿದ್ದರು. ಅದರ ಬೆಲೆಯನ್ನು ತೋಳೇ ತೆರಬೇಕೆಂಬುದು ಅವರಿಗೆ ತಿಳಿದದ್ದು ಅಂದೇ.

ಸಭಾಂಗಣದಲ್ಲಿ ಎದ್ದುನಿಂತ ಗಾಳಿಗುಮ್ಮಟವು ಮಕ್ಕಳಿಗೆ ಅತಿ ಸೋಜಿಗವನ್ನುಂಟುಮಾಡಿತು. ಮೊದಲ ಆಧುನಿಕ ತಾರಾಲಯ ಯಂತ್ರ 1923ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪ್ರದರ್ಶಿತವಾಯಿತು. ಅದಕ್ಕೆ ದೊಡ್ಡ ಕಟ್ಟಡ ಬೇಕಾಗಿತ್ತು. 1977ರಲ್ಲಿ ಅಮೆರಿಕದ ಫಿಲಿಪ್ ಸ್ಯಾಡ್ಲರ್ ಎಂಬವರು ಚೀಲದಲ್ಲಿ ಮಡಚಿ ಒಯ್ಯಬಹುದಾದ ತಾರಾಲಯವನ್ನು ರೂಪಿಸಿದರು. ಇದಕ್ಕೆ ಕಂಬವಿಲ್ಲ, ತೊಲೆಯಿಲ್ಲ. ಬೀಸಣಿಗೆಯೊಂದು ಎಡೆಬಿಡದೆ ಗಾಳಿಯನ್ನು ಊದುತ್ತಿರುವುದರಿಂದ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಾಗಿದ್ದು, ಅದೇ ಬಟ್ಟೆಯನ್ನು ಎತ್ತಿ ಹಿಡಿಯುತ್ತದೆ. ಮೊದಲಿನವುಗಳಲ್ಲಿ ನಕ್ಷತ್ರಗಳ ಸ್ಥಾನದಲ್ಲಿ ಸೂಕ್ಷ್ಮ ಬಿಂದುಗಳಿದ್ದ ಉರುಳೆಯೊಳಗೆ ಪುಟ್ಟ ದೀಪವಿಟ್ಟು ಬೆಳಕನ್ನು ಗುಮ್ಮಟದ ಮೇಲೆ ಬೀಳಿಸುತ್ತಿದ್ದರು. ಈಗ ಬಹುಮಟ್ಟಿಗೆ ಅಗಲನೋಟದ ಮಸೂರವುಳ್ಳ ಪ್ರೊಜೆಕ್ಟರುಗಳು ಬಂದಿವೆ. ಆಕಾಶವನ್ನು ಬೇಗ ಬೇಗ ತಿರುಗಿಸಿದಾಗ ಧ್ರುವನಕ್ಷತ್ರವೊಂದು ಮಾತ್ರ ಕದಲದಂತೆ ತೋರುವುದು. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುವುದೋ ನಾವಿರುವ ಸ್ಥಳದ ಅಕ್ಷಾಂಶವು ಹೆಚ್ಚುಕಡಿಮೆ ಅಷ್ಟೇ. ಕಾಸರಗೋಡಿನಲ್ಲಿ ಅದು ಹನ್ನೆರಡೂವರೆ ಡಿಗ್ರಿ. ತೋಳನ್ನು ನೀಳವಾಗಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಬೆರಳಿನದು ಸುಮಾರು 2 ಡಿಗ್ರಿ. ತೆಂಗುಗಳ ಮರೆಯಿಲ್ಲದ ಬಯಲಿನಲ್ಲಿ ನಿಂತು, ದಿಗಂತದ ಮೇಲೆ ಒಂದು ಮುಷ್ಟಿ ಒಂದು ಬೆರಳಿನಷ್ಟು ಎತ್ತರದಲ್ಲಿ ಉತ್ತರಕ್ಕೆ ನೋಡಿದರೆ ಧ್ರುವನನ್ನು ಯಾರೂ ಗುರುತಿಸಬಹುದು.

ಆದರೆ ಆ ದಿನದ ಅತ್ಯುತ್ತಮ ಪಾಠವು ವಾಹನದ ಯಾವ ಯಂತ್ರದಿಂದಲೂ ಬಂದುದಲ್ಲ. ಬಂದವರು ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುವಂತೆ ಮಕ್ಕಳಿಗೆ ಹೇಳಿದರು. ನಮ್ಮ ಹಿರಿಯರು ಇದನ್ನೇ ಶಂಕುವೆಂದು ಕರೆದು, ಹನ್ನೆರಡು ಅಂಗುಲದ ಶಂಕುವಿನ ನೆರಳಿನಿಂದ ಕಾಲವನ್ನೂ ದಿಕ್ಕನ್ನೂ ಗಣಿಸುತ್ತಿದ್ದರು. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ನೆರಳಿನ ಲೆಕ್ಕಗಳಿಗೆಂದೇ ಒಂದು ಪ್ರಕರಣವಿದೆ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ಸೂರ್ಯನು ನೆತ್ತಿಯ ಮೇಲೆ ಬರುವನೆಂದು ನಾವು ವರ್ಷಾನುಗಟ್ಟಲೆ ಬೋಧಿಸುತ್ತ ಬಂದಿದ್ದೆವು. ಅಂದು ಹನ್ನೆರಡು ಗಂಟೆಯ ಬಳಿಕವೂ ನೆರಳು ಕುಗ್ಗುತ್ತಲೇ ಇತ್ತು. ಅದು ಅತಿ ಚಿಕ್ಕದಾದದ್ದು ಹನ್ನೆರಡು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ. ಆಗಲೂ ಅದರ ಉದ್ದ 69 ಸೆಂಟಿಮೀಟರ್! ಆರನೆಯ ತರಗತಿಯ ಬಾಲಕಿಯೊಬ್ಬಳು, “ಸರ್, ಸೂರ್ಯ ನೆತ್ತಿಗೆ ಬರಲೇ ಇಲ್ಲವಲ್ಲ?” ಎಂದು ನಮ್ಮನ್ನೇ ಕೇಳಿದಳು. ಆ ಪ್ರಶ್ನೆಯು ಒಂದು ದಿನದ ಪಾಠಕ್ಕೆ ಸಾಟಿಯಾದುದೆಂದು ನಮ್ಮ ನಂಬಿಕೆ.

ಕಾರಣಗಳು ಸರಳವಾದುವು. ನಮ್ಮ ಗಡಿಯಾರಗಳು 82½ ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುವುವು, ಕಾಸರಗೋಡು 75ರಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಇಲ್ಲಿಯ ಮಧ್ಯಾಹ್ನ ಅರ್ಧ ಗಂಟೆ ತಡ. ಭೂಮಿಯ ಚಲನೆಯ ವೇಗಭೇದ ಹಾಗೂ ಅಕ್ಷದ ಓರೆಯಿಂದ ಇದರಲ್ಲಿ ಕೆಲವು ನಿಮಿಷಗಳ ಹೆಚ್ಚುಕಡಿಮೆಯಾಗುವುದು. ಆ ಓರೆಯಿಂದಲೇ ಡಿಸೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವನು. ಅಂಗಳದಲ್ಲಿ ಅಡಕೆ ಒಣಗಿಸುವವರಿಗೆ ಇದು ಹೊಸತಲ್ಲ. ಯಾವ ತಿಂಗಳಲ್ಲಿ ಯಾವ ಮರದ ನೆರಳು ಎಲ್ಲಿ ಬೀಳುವುದೆಂಬುದನ್ನು ಅವರು ಬಲ್ಲರು. ಪುಸ್ತಕ ಓದಿದ ನಾವೇ ಅಂಗಳವನ್ನು ನೋಡಿರಲಿಲ್ಲ.

ಇದೇ ಕೋಲು ಭೂಮಿಯ ಸುತ್ತಳತೆಯನ್ನೂ ಹೇಳಬಲ್ಲುದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಎರಟೊಸ್ತನೀಸ್ ಎಂಬ ವಿದ್ವಾಂಸನು ಸಯೀನ್, ಅಲೆಕ್ಸಾಂಡ್ರಿಯ ಎಂಬೆರಡು ಊರುಗಳ ನೆರಳಿನ ಭೇದದಿಂದ ಅದನ್ನು ಲೆಕ್ಕಹಾಕಿದನು. ನಮಗೂ ಅಂಥ ಎರಡು ಊರುಗಳುಂಟು. ದಕ್ಷಿಣದ ಗಡಿಯಾಚೆ ಕಾಸರಗೋಡು, ಉತ್ತರದ ಗಡಿಯಾಚೆ ಸೊಲ್ಲಾಪುರ. ಎರಡರಲ್ಲಿಯೂ ಕನ್ನಡ ಮಕ್ಕಳು ಓದುತ್ತಿರುವರು. ದೈವಯೋಗದಿಂದ ಎರಡೂ ಬಹುಮಟ್ಟಿಗೆ ಒಂದೇ ರೇಖಾಂಶದಲ್ಲಿವೆ. ಅವುಗಳ ಉತ್ತರದಕ್ಷಿಣ ಅಂತರ ಸುಮಾರು 570 ಕಿಲೋಮೀಟರ್. ಮಾರ್ಚ್ 21ರ ಸುಮಾರಿಗೆ, ಹಗಲಿರುಳು ಸಮವಾಗಿರುವಾಗ, ಮೀಟರ್ ಕೋಲಿನ ಮಧ್ಯಾಹ್ನದ ನೆರಳು ಇಲ್ಲಿ 22.2 ಸೆಂಟಿಮೀಟರ್, ಅಲ್ಲಿ 31.8 ಸೆಂಟಿಮೀಟರ್ ಇರತಕ್ಕದ್ದು. ತ್ರಿಕೋನ ಬರೆದು ಅಳೆದರೆ ಕೋನಗಳು 12.5 ಮತ್ತು 17.6 ಡಿಗ್ರಿ; ಭೇದ 5.1. ಇಡೀ ವೃತ್ತದ 360 ಡಿಗ್ರಿಯನ್ನು 5.1ರಿಂದ ಭಾಗಿಸಿ, ಬಂದ ಲಬ್ಧವನ್ನು 570ರಿಂದ ಗುಣಿಸಿದರೆ ಸುಮಾರು 40,200 ಕಿಲೋಮೀಟರ್. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000. ಆದರೆ ಮಿಲಿಮೀಟರುಗಳನ್ನು ಕಡೆಗಣಿಸಿ 22, 32 ಎಂದು ಬರೆದರೆ ಉತ್ತರ ಸುಮಾರು 38,700ಕ್ಕೆ ಇಳಿಯುವುದು. ಅಳತೆಯಲ್ಲಿ ಉದಾಸೀನ ಏಕೆ ಸಲ್ಲದೆಂಬುದಕ್ಕೆ ಬೇರೆ ಉಪದೇಶ ಬೇಕೆ? ಸೊಲ್ಲಾಪುರ ಸೀಮೆಯ ಕನ್ನಡ ಶಾಲೆಗಳ ಅಧ್ಯಾಪಕರು ಈ ಸಂಚಿಕೆಯನ್ನು ಕಂಡು ಪತ್ರ ಬರೆದರೆ, ಈ ಕಾರ್ಯವನ್ನು ಜೊತೆಯಾಗಿ ನಡೆಸಲು ನಾವು ಸಿದ್ಧರಿದ್ದೇವೆ.

ಭಾಷೆಯ ವಿಷಯವಾಗಿ ಒಂದು ಮಾತು. ವಾಹನದೊಡನೆ ಬಂದವರು ಸಜ್ಜನರು, ಶ್ರದ್ಧಾವಂತರು, ಆದರೆ ಕನ್ನಡವರಿಯರು. ಬೆಳಗ್ಗೆ ನಮ್ಮ ಮಕ್ಕಳು ಹಿಂದೆ ಸರಿದು ನಿಂತಿದ್ದರು. ವಿಜ್ಞಾನವು ತಮ್ಮ ಭಾಷೆಯದಲ್ಲವೆಂಬ ಅಳುಕು ಅವರಲ್ಲಿ ಸದಾ ಇರುವುದನ್ನು ನಾವು ಬಲ್ಲೆವು. ನಮ್ಮ ಅಧ್ಯಾಪಕರು ಶಂಕು, ಅಕ್ಷಾಂಶ, ಒತ್ತಡ ಎಂದು ಒಂದೊಂದನ್ನಾಗಿ ಕನ್ನಡದಲ್ಲಿ ಹೇಳತೊಡಗಿದಾಗ ಅವರು ಮುಂದೆ ಬಂದರು. ಮಧ್ಯಾಹ್ನದ ಹೊತ್ತಿಗೆ ನೆರಳಿನ ಪಟ್ಟಿಯನ್ನು ಕನ್ನಡದಲ್ಲಿಯೇ ಬರೆದು, ಬಂದವರಿಗೆ ಮಲಯಾಳದಲ್ಲಿ ವಿವರಿಸಿದವರು ನಮ್ಮ ಮಕ್ಕಳೇ. ಸಂಜೆ ವಾಚನಾಲಯದ ಮುಂದೆ ದೂರದರ್ಶಕವನ್ನಿಟ್ಟಾಗ, ತಾಯಂದಿರಿಗೆ ಚಂದ್ರನ ಕುಳಿಗಳನ್ನು ತೋರಿಸಿದವರೂ ಅವರೇ.

ವಾಹನವು ಮರುದಿನ ಬೇರೊಂದು ಊರಿಗೆ ಹೋಯಿತು. ಕೋಲು ಇಲ್ಲಿಯೇ ಇದೆ, ಸೂರ್ಯನೂ ಇದ್ದಾನೆ. ಕಾಸರಗೋಡಿನಲ್ಲಿ ಸೂರ್ಯನು ನಿಜವಾಗಿ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲದಾಗುವುದು ವರ್ಷದಲ್ಲಿ ಎರಡು ಬಾರಿ: ಏಪ್ರಿಲ್ 23ರ ಸುಮಾರಿಗೆ ಮತ್ತು ಆಗಸ್ಟ್ 20ರ ಸುಮಾರಿಗೆ. ಮೊದಲನೆಯದು ಬೇಸಗೆಯ ರಜೆಯಲ್ಲಿ, ಎರಡನೆಯದು ಮಳೆಗಾಲದಲ್ಲಿ. ಆದ್ದರಿಂದ ಶಾಲೆಯು ಅದನ್ನು ತೋರಿಸುವುದು ಕಷ್ಟ; ಮನೆಯು ತೋರಿಸಬಹುದು. ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಬರುವ ಏಪ್ರಿಲ್ 23ರಂದು ಹನ್ನೆರಡೂಕಾಲರಿಂದ ಹನ್ನೆರಡೂಮುಕ್ಕಾಲರವರೆಗೆ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ಕುಳಿತರೆ ಬಿಸಿಲೆಂದು ಗದರದೆ, ತಲೆಗೊಂದು ಮುಟ್ಟಾಳೆಯನ್ನಿಟ್ಟು, ತಾವೂ ಒಂದು ಗಳಿಗೆ ಬಳಿಯಲ್ಲಿ ನಿಲ್ಲಬೇಕು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಆ ಪಟ್ಟಿಗಳನ್ನು ನೋಡಲು ನಾವು ಕಾದಿರುವೆವು.